ಬಂಡೆಯೊಳಗಿನ ಹುಡುಗಿಗೆ ಹೊತ್ತ ಹರಕೆ

ಮರಳವಾಡಿಯ ನನ್ನ ಅಕ್ಕನಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಏಳನೇ ಕ್ಲಾಸು ಓದಿ, ದಿನಾ ಪೇಪರ್ ಬಿಡದವಳು ಅಕ್ಷರವನ್ನೇ ಬಿಟ್ಟಿದ್ದಳು. ತಡಮಾಡಿದರೆ ಕಷ್ಟ, ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಅಕ್ಕ ಮಾತ್ರ ರಾಗಿ ಕುಯ್ಲು ಮುಗೀಲಿ, ಎಮ್ಮೆ ಈಯಲಿ ಎಂದು ಮುಂದೂಡುತ್ತಿದ್ದಳು. ಅಸಲು ಕಾರಣ ಹೆದರಿಕೆ. ಅದನ್ನು ಬಾಯಿಬಿಟ್ಟು ಹೇಳುವ ವಂಶ ನಮ್ಮದಲ್ಲ.

ನಿವೃತ್ತ ಮೇಷ್ಟ್ರಾದ ನನಗೆ ಲೋಕೋದ್ಧಾರದ ಬೇರೆ ಕೆಲಸವಿರಲಿಲ್ಲ. ಕನಕಪುರದಿಂದ ಮಧ್ಯಾಹ್ನ ಹೋಗಿ ಓದಿ ಹೇಳುತ್ತಿದ್ದೆ. ಪುರಾಣ ಬೇಡವೆಂದಳು, ಕೊನೆ ಗೊತ್ತಿರೋದನ್ನ ಏನು ಕೇಳೋದು? ಅವಳ ಮೊಮ್ಮಗಳು ರಜೆಯಲ್ಲಿ ಬಿಟ್ಟುಹೋಗಿದ್ದ ಮಕ್ಕಳ ಕಾದಂಬರಿಯೊಂದು ಸಿಕ್ಕಿತು. ಹಳೇ ಮಾಯಾಲೋಕದ ಕಥೆ, ಏಳು ಪುಸ್ತಕಗಳ ಸಾಲಿನಲ್ಲಿ ನಾಲ್ಕನೆಯದು. ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಹುಡುಗಿಯೊಬ್ಬಳು ಬಂಡೆಯ ಸೀಳಿನಿಂದ ಒಳಗಿನ ನಾಡಿಗೆ ಇಳಿಯುತ್ತಾಳೆ. ಬಂಡೆ ಎಂದೊಡನೆ ಅಕ್ಕ ನೆಟ್ಟಗೆ ಕೂತಳು. ನಮ್ಮ ಸೀಮೆಯಲ್ಲಿ ಬಂಡೆಗೆ ಪರಿಚಯ ಬೇಕಿಲ್ಲ.

“ಅಲ್ಲ ಕಣ್ಲಾ, ಇಳಿಯಕ್ಕೆ ಮುಂಚೆ ದೇವ್ರಿಗೆ ಕೈ ಮುಗುದ್ಲಾ?”

ಪುಸ್ತಕದಲ್ಲಿ ದೇವರ ಸುದ್ದಿಯೇ ಇಲ್ಲ. ಸರ್ವೀಸಿನುದ್ದಕ್ಕೂ ಪಠ್ಯ ಬಿಟ್ಟು ಕದಲದಿದ್ದ ನಾನು ಒಂದೇ ಕ್ಷಣದಲ್ಲಿ ಕೆಟ್ಟೆ. “ಮುಗಿದ್ಲು. ಅಲ್ಲೊಂದು ಅಮ್ಮನ ಗುಡಿ ಐತೆ.”

ಗುಡಿ ಎದ್ದ ಮೇಲೆ ಹರಕೆ ಬಾರದಿರುತ್ತದೆಯೇ? ಹುಡುಗಿಯನ್ನು ಕತ್ತಲಲ್ಲೇ ಬಿಟ್ಟು ಪುಸ್ತಕ ಮುಗಿದಾಗ ಅಕ್ಕ ನಮ್ಮ ಸೀಮೆಯ ಅಮ್ಮನಿರುವ ಕಬ್ಬಾಳಿನ ದಿಕ್ಕಿಗೆ ಕೈ ಮುಗಿದಳು. “ತಾಯಿ, ಆ ಹೆಣ್ಮಗ ಈಚೀಕೆ ಬರ್ಲಿ, ನಿಂಗೆ ಮಡಿಲಕ್ಕಿ ತುಂಬ್ತೀನಿ.” ಆಮೇಲೆ ನನ್ನತ್ತ ತಿರುಗಿ, “ಅವ್ಳು ಬಂದ್ಮೇಲೆ ನಾನೂ ಆಸ್ಪತ್ರೆಗೆ ಬತ್ತೀನಿ” ಎಂದಳು.

ಹೀಗೆ ನನ್ನ ಅಕ್ಕನ ಕಣ್ಣು ಐದನೆಯ ಪುಸ್ತಕದ ಮರ್ಜಿಗೆ ಬಿತ್ತು. ಕನಕಪುರದ ಲೈಬ್ರರಿಯಲ್ಲಿ ಮೊದಲ ಮೂರು ಮಾತ್ರ ಇದ್ದವು. ಐದನೆಯದು ಮಾಗಡಿಯ ಹಳೇ ಶಿಷ್ಯನೊಬ್ಬನ ಮನೆಯಲ್ಲಿದೆ ಎಂದು ತಿಳಿದು, ಎರಡು ಬಸ್ಸು ಬದಲಾಯಿಸಿ ತಂದೆ. ಬರುವಾಗ ಸೀಟಿನಲ್ಲೇ ಕೊನೇ ಪುಟ ತಿರುವಿದೆ. ಇದೇ ತಪ್ಪಿಗೆ ಎಷ್ಟೋ ಕಿವಿ ಹಿಂಡಿದ್ದೇನೆ. ತಮ್ಮ ಸಿಕ್ಕಿದ್ದ. ದಾರಿ ಸಿಕ್ಕಿರಲಿಲ್ಲ.

ಗುಡಿ ಕಟ್ಟಿದವನಿಗೆ ಹುಡುಗಿಯನ್ನು ಈಚೆಗೆ ತರುವುದು ಏನು ಮಹಾ? ಸುಳ್ಳನ್ನು ಸಿದ್ಧಮಾಡಿಕೊಂಡೇ ನಾಲ್ಕು ಮಧ್ಯಾಹ್ನ ಓದಿದೆ. ಕೊನೇ ಪುಟಕ್ಕೆ ಬಂದಾಗ ಅಕ್ಕ ಸೆರಗಿನ ತುದಿ ಬಿಗಿಹಿಡಿದು, ಮಸುಕು ಕಣ್ಣನ್ನು ನನ್ನ ಮುಖಕ್ಕೆ ನೆಟ್ಟಿದ್ದಳು. ನನ್ನಿಂದ ಆಗಲಿಲ್ಲ.

“ಅವ್ಳು ಬರ್ಲಿಲ್ಲ ಕಣಕ್ಕ. ಇನ್ನೂ ಎರಡು ಪುಸ್ತಕ ಐತೆ. ಆ ಗುಡೀನೂ... ನಾನೇ ಕಟ್ಟಿದ್ದು.”

“ಗೊತ್ತು ಸುಮ್ನಿರ್ಲಾ. ಗುಡಿ ಬಂದಾಗೆಲ್ಲ ನಿನ್ ನಾಲಗೆ ತಡವರಿಸ್ತಿತ್ತು.”

ಬಿಗಿಹಿಡಿದಿದ್ದ ಸೆರಗನ್ನು ಬಿಟ್ಟಳು. ಆಮೇಲೆ, “ತಮ್ಮನ ಕೈ ಹಿಡ್ಕಂಡು ಆ ಕತ್ಲಲ್ಲಿ ಇನ್ನೂ ನಡೀತಾ ಅವ್ಳಾ?” ಎಂದಳು.

“ನಡೀತಾ ಅವ್ಳೆ.”

“ಇನ್ನೆರಡು ಪುಸ್ತಕ ನಿನ್ನ ನಂಬ್ಕಂಡು ಕೂತ್ರೆ ಅವ್ಳಿಗೆ ಮದ್ವೇನೂ ಮಾಡಿಸ್ಬುಡ್ತೀಯ. ನಾನೇ ಓದ್ಕತೀನಿ. ಡಾಕ್ಟ್ರು ಯಾವತ್ತು ಬಾ ಅಂದವ್ರೆ?”

ಈಗ ಒಂದು ಕಣ್ಣಿನ ಆಪರೇಷನ್ ಆಗಿದೆ. ಅಕ್ಕ ಜಗಲಿಯಲ್ಲಿ ಆರನೆಯ ಪುಸ್ತಕ ಹಿಡಿದು ಕೂತಿರುತ್ತಾಳೆ. ಮಡಿಲಕ್ಕಿಗೆಂದು ಒಸಿ ಅಕ್ಕಿ ಆಗಲೇ ಬೇರೆ ಇಟ್ಟಾಗಿದೆ. ಹುಡುಗಿ ಎಲ್ಲಿಗೆ ಬಂದಳು ಎಂದು ಕೇಳಿದರೆ ತಲೆ ಎತ್ತುವುದಿಲ್ಲ.

“ತಡಿಯಲಾ, ಓದ್ತಾ ಇವ್ನಿ.”