ಕೈಬೀಸಿದರೆ ಹತ್ತುವ ದೀಪ

ನಮ್ಮ ಬೀದಿಯ ಟೈಲರ್ ತಾನೇ ವೈರು ಎಳೆದು ಟಾಯ್ಲೆಟ್ಟಿಗೆ ಸೆನ್ಸರ್ ದೀಪ ಹಾಕಿದ. ಒಳಗಿದ್ದವರು ಅಲುಗಾಡಿದರೆ ಹತ್ತುತ್ತದೆ, ಸುಮ್ಮನೆ ಕೂತರೆ ಆರುತ್ತದೆ. ಗೋಡೆಯ ಅಂದ ಕೆಡುತ್ತದೆಂದು ಹಳೆಯ ಸ್ವಿಚ್ಚನ್ನೂ ಕಿತ್ತುಹಾಕಿದ. ಬಂದವರೆದುರು ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. ಮನೆಯವರ ಮೌನವನ್ನು ಮೆಚ್ಚುಗೆ ಎಂದುಕೊಂಡ. ಅವರನ್ನೊಂದು ಮಾತು ಕೇಳುವ ಸೌಜನ್ಯ ಇಂಥ ಮೇಧಾವಿಗಳಿಗೆ ಎಲ್ಲಿರುತ್ತದೆ?

ಒಂದು ಸಂಜೆ ಟಾಯ್ಲೆಟ್ಟಿನ ಕತ್ತಲೊಳಗಿಂದ ಅವನ ತಾಯಿಯ ಕೆಮ್ಮು ಕೇಳಿಸಿತು. ಲಕ್ವ ಹೊಡೆದ ಮೇಲೆ ಆಕೆಯ ಎಡಗೈ ಏಳದು. ಬಲಗೈಯಲ್ಲಿ ಕಂಬಿ ಹಿಡಿದೇ ಕೂರಬೇಕು.

"ಅಮ್ಮಾ, ಕತ್ತಲಲ್ಲಿ ಕೂತಿದ್ದೀಯಾ?"

"ದಿನಾ ಹಿಂಗೇ ಕಣೋ. ನಿನ್ನ ದೀಪಕ್ಕೆ ನಾನು ಕಾಣಿಸಲ್ಲ."

"ಹೇಳೋದಲ್ವಾ?"

"ನೀನು ನಾಲ್ಕು ಜನಕ್ಕೆ ತೋರಿಸ್ಕೊಂಡು ಮೆರೀತಿದ್ದೆ. ಯಾಕೆ ಕೆಡಿಸ್ಲಿ ಅಂತ."

ಅವನು ಬಾಗಿಲು ಸ್ವಲ್ಪವೇ ತೆರೆದು, ಮುಖ ಆಚೆ ತಿರುಗಿಸಿ, ಆಕೆ ಏಳುವವರೆಗೂ ಸಂದಿಯಲ್ಲಿ ಕೈ ಬೀಸುತ್ತ ನಿಂತ.