ಐನೂರ ನಲವತ್ತು ಮಾರು

ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದವನು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಮಳವಳ್ಳಿ ಕಡೆಯ ಒಕ್ಕಲು ಮನೆಯಿಂದ ರಾಗಿಹಿಟ್ಟು ಹೊತ್ತುಕೊಂಡು ಹೋಗಿ, ಮೈಸೂರಿನಲ್ಲಿ ನಾನೇ ಮುದ್ದೆ ತಿರುವಿ ಉಂಡು ಓದಿದವನು. ಆದರೆ ಆ ಮೂವತ್ತರ ದಶಕದಲ್ಲಿ ಡಿಗ್ರಿಯನ್ನು ಕೇಳುವವರಿರಲಿಲ್ಲ. ಮಂಡ್ಯದಲ್ಲಿ ಅರ್ಜಿ ಹಿಡಿದು ಅಲೆದಲೆದು, ಕೊನೆಗೆ ಹನಕೆರೆ ಸ್ಟೇಷನ್ನಿನಿಂದ ಎರಡು ಮೈಲಿ ಒಳಗಿದ್ದ ಹಳ್ಳಿಯ ಪ್ರೈಮರಿ ಶಾಲೆಗೆ ಹಂಗಾಮಿ ಮೇಷ್ಟರಾಗಿ ಸೇರಿದೆ. ಇನ್ಸ್‌ಪೆಕ್ಟರು ಬಂದು ಪಾಠ ನೋಡಿ ನಾಲ್ಕು ಒಳ್ಳೆಯ ಮಾತು ಬರೆದರೆ ಕೆಲಸ ಖಾಯಂ; ಇಲ್ಲದಿದ್ದರೆ ಊರಿಗೆ ಹೋಗಿ ನೇಗಿಲು ಹಿಡಿಯಬೇಕು.

ನಾಲ್ಕನೇ ತರಗತಿಗೆ ಸೂರ್ಯಮಂಡಲದ ಪಾಠವಿತ್ತು. ಹೆಡ್‌ಮೇಷ್ಟರು ಪುಸ್ತಕದಲ್ಲಿದ್ದ ಎಂಟು ಹೆಸರುಗಳನ್ನು ಬಾಯಿಪಾಠ ಮಾಡಿಸಿ ಸಾಕು ಎಂದರು. ನನಗೆ ಸಾಕಾಗಲಿಲ್ಲ. ಅಡಿ ಅಗಲದ ಕುಂಬಳಕಾಯಿಯೊಂದನ್ನು ತಂದು ಶಾಲೆಯ ಜಗಲಿಯ ಮೇಲಿಟ್ಟು ಇದು ಸೂರ್ಯ ಎಂದೆ. ಹಾಗಾದರೆ ಭೂಮಿ ಒಂದು ಹೆಸರುಕಾಳು, ಮಂಗಳ ರಾಗಿಕಾಳು, ಗುರು ನಿಂಬೆಹಣ್ಣು. ಬೆಲ್ಲದಲ್ಲಿ ಅಂಟಿಸಿದ್ದ ಗಸಗಸೆಯ ಬುಧನನ್ನು ಮೊದಲ ದಿನವೇ ಇರುವೆ ಹೊತ್ತುಕೊಂಡು ಹೋಯಿತು.

ದೂರವನ್ನು ಮಕ್ಕಳೇ ಲೆಕ್ಕ ಹಾಕಬೇಕು. ಮೊದಲು ಒಬ್ಬೊಬ್ಬರೂ ತಮ್ಮ ತೋಳು ಚಾಚಿ ಅಳೆದು ಜಗಳವಾಡಿದರು. ಆಮೇಲೆ ಚಾಚಿದ ನನ್ನ ಎರಡು ತೋಳಿನ ಅಳತೆಯೇ ಮಾರು ಎಂದು ತೀರ್ಮಾನವಾಗಿ ಬಾವಿಹಗ್ಗಕ್ಕೆ ಗಂಟು ಹಾಕಿದೆವು. ಸೂರ್ಯನಿಂದ ಭೂಮಿಗಿರುವ ಒಂಬತ್ತು ಕೋಟಿ ಮೂವತ್ತು ಲಕ್ಷ ಮೈಲಿಗೆ ಹದಿನೆಂಟು ಮಾರಾದರೆ ನೆಪ್ಚೂನಿನ ಇನ್ನೂರ ಎಪ್ಪತ್ತೊಂಬತ್ತು ಕೋಟಿಗೆ ಎಷ್ಟು? ತರಗತಿಯಲ್ಲಿದ್ದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಎಲ್ಲರಿಗಿಂತ ಮೊದಲು ತ್ರೈರಾಶಿ ಕಟ್ಟಿ ಸ್ಲೇಟು ತಂದಳು: ಐನೂರ ನಲವತ್ತು. ಅವಳಪ್ಪನನ್ನು ಒಪ್ಪಿಸಿ ಅವಳನ್ನು ಶಾಲೆಗೆ ಕರೆತಂದವನು ನಾನೇ.

ಶನಿವಾರ ಅಳೆದು ಗೂಟ ನೆಟ್ಟೆವು. ನೆಪ್ಚೂನು ಊರಾಚೆಯ ಹೊಲಗಳನ್ನು ದಾಟಿ ಹೋಯಿತು. ದೂರಕ್ಕೆ ಕಾಣಲೆಂದು ಗೂಟಗಳಿಗೆಲ್ಲ ಸುಣ್ಣ ಬಳಿಸಿದ್ದೆ. ಒಕ್ಕಲು ಮಗನಾಗಿ ನಾನು ಮಾಡಬಾರದಿದ್ದ ತಪ್ಪು ಅದೇ. ಕನ್ನಂಬಾಡಿಯ ನಾಲೆಗೆ ಹೊಸ ಕವಲುಗಳನ್ನು ತೆಗೆಯುತ್ತಿದ್ದ ಕಾಲ. ಸುಣ್ಣ ಬಳಿದ ಗೂಟ ಬಿತ್ತೆಂದರೆ ಹೊಲದ ನಡುವೆ ಕಾಲುವೆ ಬಿತ್ತೆಂದೇ ಅರ್ಥ. ನೀರು ಎಲ್ಲರಿಗೂ ಬೇಕು. ಕಾಲುವೆ ಮಾತ್ರ ಪಕ್ಕದವನ ಹೊಲದಲ್ಲಿ ಹೋಗಬೇಕು.

ಭಾನುವಾರ ಗೂಟಗಳನ್ನು ಕಿತ್ತರು. ಸೋಮವಾರ ಇನ್ಸ್‌ಪೆಕ್ಟರು ಬರುವ ಹೊತ್ತಿಗೆ ಸರಿಯಾಗಿ ಶಾಲೆಯ ಮುಂದೆ ಜನ ಸೇರಿದ್ದರು. ಆ ಹುಡುಗಿಯ ಅಪ್ಪನೇ ಮುಂದೆ ನಿಂತಿದ್ದ.

"ಏನ್ ಮೇಷ್ಟ್ರೇ, ನೀವೂ ಒಕ್ಲು ಮಕ್ಳೇ ಅಲ್ವಾ? ನಮ್ ಒಲಕ್ಕೇ ಗೂಟ ಒಡುಸ್ಬುಟ್ರಲ್ಲ."

ಅದು ಕಾಲುವೆಯದಲ್ಲ, ನೆಪ್ಚೂನಿನ ಗೂಟ ಎಂದೆ.

"ಯಾವ್ ತಾಲೂಕಿನ್ ಅಮಲ್ದಾರ್ನಪ್ಪ ಅವ್ನು?" ಎಂದು ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ಯಾರೂ ಕದಲಲಿಲ್ಲ.

ಅಷ್ಟರಲ್ಲಿ ಇನ್ಸ್‌ಪೆಕ್ಟರ ಗಾಡಿ ಬಂತು. ಗದ್ದಲ ಏನೆಂದು ಅವರು ಹೆಡ್‌ಮೇಷ್ಟರನ್ನು ಕೇಳಿದರು. ನನ್ನ ಹಗ್ಗ, ಗೂಟಗಳನ್ನೆಲ್ಲ ಮೊದಲೇ ನೋಡಿ ಆಗಲಿ ಎಂದು ತಲೆಯಾಡಿಸಿದ್ದ ಹೆಡ್‌ಮೇಷ್ಟರು ತಮಗೇನೂ ತಿಳಿಯದೆಂದರು. ಒಳಗೆ ಹುಡುಗರು ಎಂಟು ಹೆಸರು ಒಪ್ಪಿಸಿದರು. ಇನ್ಸ್‌ಪೆಕ್ಟರು ಆ ಹುಡುಗಿಯನ್ನು ಎಬ್ಬಿಸಿ, ಸೂರ್ಯನಿಂದ ನೆಪ್ಚೂನಿಗೆ ಎಷ್ಟು ದೂರ ಎಂದು ಕೇಳಿದರು.

"ಐನೂರ ನಲವತ್ತು ಮಾರು, ಸಾ."

ಅವರು ನಕ್ಕರು. ಹೆಡ್‌ಮೇಷ್ಟರು ಇನ್ನೂ ಜೋರಾಗಿ ನಕ್ಕರು. "ಇದೇ ಏನ್ರೀ ನೀವು ಕಲಿಸಿದ್ದು?" ಎಂದು ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. ಅವರ ಕೈಯಲ್ಲಿ ಪೆನ್ನಿತ್ತು.

"ಇಲ್ಲ ಸ್ವಾಮಿ, ಮಗು ತಪ್ಪು ಹೇಳ್ತು" ಎಂದೆ.

ಅವಳು ಸ್ಲೇಟನ್ನು ನನ್ನ ಕಡೆಗೆ ಎತ್ತಿ ಹಿಡಿದಳು. ನಾನು ಗೋಡೆಯ ನಕಾಶೆ ನೋಡುತ್ತ ನಿಂತೆ. ಕಿಟಕಿಯ ಹೊರಗಿದ್ದ ಅವಳಪ್ಪ ಗಲಾಟೆ ಮಾಡಲಿಲ್ಲ. "ಎದ್ ಬಾರವ್ವ, ಮನ್ಗೋಗಣ. ಕಲ್ಸ್ದೋರೇ ತಪ್ಪು ಅಂದ್ಮೇಲೆ ಇನ್ನೇನ್ ಕಲ್ತೀಯ" ಎಂದ.

ಅಂದು ಮಧ್ಯಾಹ್ನ ಹೆಡ್‌ಮೇಷ್ಟರ ಮನೆಯಲ್ಲಿ ಇನ್ಸ್‌ಪೆಕ್ಟರಿಗೆ ಊಟ. ಜಗಲಿಯ ಮೇಲಿದ್ದ ಕುಂಬಳಕಾಯಿ ಅವರ ಹುಳಿಗೆ ಹೋಯಿತು. ಊರವರನ್ನು ಕೆರಳಿಸುವ ಸ್ವಭಾವದವನೆಂದು ನನ್ನ ಮೇಲೆ ಷರಾ ಬಿತ್ತು. ಕೆಲಸ ಖಾಯಂ ಆಗಲಿಲ್ಲ. ಆ ಸುಳ್ಳಿಗೆ ಒಂದು ಬೆಲೆಯಾದರೂ ಸಿಕ್ಕಿದ್ದರೆ!

ತಿಂಗಳ ಕೊನೆಗೆ ಟ್ರಂಕು ಹೊತ್ತುಕೊಂಡು ಸ್ಟೇಷನ್ನಿಗೆ ಹೊರಟೆ. ಆ ಹುಡುಗಿಯ ಮನೆಯ ಹಿತ್ತಲು ದಾರಿಯಲ್ಲೇ ಇತ್ತು. ಸುಣ್ಣ ಬಳಿದ ನಮ್ಮ ಗೂಟಕ್ಕೆ ಕರು ಕಟ್ಟಿದ್ದರು. ಹುಡುಗಿ ಅಲ್ಲೇ ಇದ್ದಳು. ನಿನ್ನ ಲೆಕ್ಕ ಸರಿಯಾಗಿತ್ತು ಎನ್ನಲು ನಿಂತೆ. ಅವಳು ಬೆನ್ನು ತಿರುಗಿಸಿ ಕರುವಿಗೆ ಹುಲ್ಲು ಹಾಕತೊಡಗಿದಳು. ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನಾನು ಟ್ರಂಕನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ನಡೆದೆ.