ಈಸ್ಟರ್ ಮುಂಜಾವಿನ ಗುಳಿಯಪ್ಪ

ಅಕ್ಕನ ಬಲಗಾಲು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಚರ್ಚಿನಲ್ಲಿ ಹಾಡು ಶುರುವಾದರೆ ಸಾಕು, ಹಿಮ್ಮಡಿ ಒಡೆದ ಆ ಅಗಲ ಪಾದ ತಾಳ ಹಾಕಲು ತೊಡಗುತ್ತಿತ್ತು. ಕಾಪು ಪೇಟೆಯಲ್ಲಿ ಅವರದೊಂದು ಹೊಲಿಗೆ ಅಂಗಡಿ. ದಿನವಿಡೀ ಮೆಷಿನ್ ತುಳಿದ ಕಾಲು ಅದು, ಭಾನುವಾರ ಮಾತ್ರ ಸುಮ್ಮನಿರು ಎಂದರೆ ಕೇಳುತ್ತದಾ? ಹಾಡಿಕೊಂಡೇ ಹೊಲಿಯುತ್ತಿದ್ದರಿಂದ, ಎರ್ಮಾಳಿನಿಂದ ರವಿಕೆ ಹೊಲಿಸಲು ಬರುತ್ತಿದ್ದ ಮೀನು ಮಾರುವ ಹೆಂಗಸರಿಗೂ ನಮ್ಮ ಹಾಡುಗಳು ಅರ್ಧಂಬರ್ಧ ಬರುತ್ತಿದ್ದವು.

ನಮಗೆಲ್ಲ ಅವರು ಸಂಡೇ ಸ್ಕೂಲಿನ ಟೀಚರ್. ಆದರೆ ತಲೆ ಪೂರ್ತಿ ನರೆತ ಮೇಲೂ ಚರ್ಚಿನ ಇಡೀ ಸಭೆಗೆ ಅಕ್ಕನೇ. ಮದುವೆಯಾದ ಸ್ವಲ್ಪ ಸಮಯಕ್ಕೇ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇಷ್ಟಾದರೂ ಈ ಹೆಂಗಸಿಗೆ ಎಂತ ಇಷ್ಟು ಖುಷಿ ಎಂದು ಜನ ಆಡಿಕೊಳ್ಳುವುದಿತ್ತು. ಅವರ ಉತ್ತರ ಒಂದೇ: "ರಕ್ಷಣೆ ಸಿಕ್ಕಿತು ಅಂತ ನಾವೇ ಹೇಳುವುದಲ್ವಾ? ಮತ್ತೆ ಮುಖ ಹುಳ್ಳಗೆ ಮಾಡಿಕೊಂಡು ಕೂತರೆ ಯಾರು ನಂಬುತ್ತಾರೆ ಮಾರಾಯ್ತಿ?" ನನಗೋ ಆಗ ದೇವರೆಂದರೆ ಬರೀ ಹೆದರಿಕೆ. ತಪ್ಪು ಹುಡುಕುತ್ತಾ ಮೇಲೆ ಕೂತವನೊಬ್ಬ ಎಂದೇ ನಂಬಿದ್ದೆ.

ಈಸ್ಟರ್ ದಿನ ಬೆಳಕು ಹರಿಯುವ ಮೊದಲೇ ನಮ್ಮ ಸಭೆಯವರು ಸ್ಮಶಾನದಲ್ಲಿ ಸೇರಿ, ತಮ್ಮ ತಮ್ಮವರ ಸಮಾಧಿಗೆ ಹೂವಿಟ್ಟು, ಯೇಸುಸ್ವಾಮಿ ಎದ್ದ ಹಾಡು ಹಾಡುವುದು ವಾಡಿಕೆ. ಅಕ್ಕ ಹೂವಿನ ಜೊತೆ ಒಂದು ದೊಡ್ಡ ಡಬ್ಬಿ ತುಂಬ ಗುಳಿಯಪ್ಪವನ್ನೂ ತರುತ್ತಿದ್ದರು. ಹಾಡು ಮುಗಿದದ್ದೇ ತಡ, ಸಮಾಧಿಗಳ ನಡುವೆ ಓಡಾಡಿ ಎಲ್ಲರಿಗೂ ಹಂಚುವುದು. ಸಭೆಯ ಹಿರಿಯರೊಬ್ಬರಿಗೆ ಇದು ಸರಿ ಕಾಣುತ್ತಿರಲಿಲ್ಲ. "ಸ್ಮಶಾನದಲ್ಲಿ ತಿನ್ನುವುದುಂಟಾ?" ಎಂದು ಒಮ್ಮೆ ಗದರಿದರು.

"ಸ್ವಾಮಿಯ ಸಮಾಧಿ ಖಾಲಿಯಾದ ದಿನವೇ ಸಿಹಿ ತಿನ್ನದಿದ್ದರೆ ಇನ್ನು ಯಾವಾಗ ತಿನ್ನುವುದು? ಹಿಡಿಯಿರಿ" ಎಂದು ಅಕ್ಕ ಡಬ್ಬಿ ಮುಂದೆ ಚಾಚಿದರು. ಹಿರಿಯರು ತೆಗೆದುಕೊಳ್ಳಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಹಾಸಿಗೆ ಹಿಡಿದರು. ಕುಡಿತಕ್ಕೆ ಬಿದ್ದು ಚರ್ಚಿನ ಮೆಟ್ಟಿಲು ಮರೆತವರು ಅವರು. ಅಕ್ಕ ಸಂಜೆ ಅಂಗಡಿ ಮುಚ್ಚಿ ನೇರ ನಮ್ಮ ಮನೆಗೆ ಬಂದು, ಅಪ್ಪನ ಪಕ್ಕ ಕೂತು ಹಾಡುತ್ತಿದ್ದರು. ಉಪದೇಶ ಒಂದು ಮಾತೂ ಇಲ್ಲ. ಒಂದು ಸಂಜೆ ಅಪ್ಪನೇ ಚರ್ಚಿನ ಸಭಾಪಾಲಕರನ್ನು ಕರೆಸಲು ಹೇಳಿ, ಅತ್ತು, ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡರು. ಆ ವಾರವೇ ಹೋದರು.

ಸಾವಿನ ಮನೆಯಲ್ಲಿ ಯಾರೋ ಅಮ್ಮನಿಗೆ ಕೇಳಿಸುವ ಹಾಗೆ, "ಇಷ್ಟು ವರ್ಷ ಕುಡಿದು ಕೊನೇ ಗಳಿಗೆಯಲ್ಲಿ ಬಂದರೆ ಆಯಿತಾ?" ಎಂದರು. ಆ ಮಾತು ಅಮ್ಮನೊಳಗೆ ಮುಳ್ಳಿನ ಹಾಗೆ ಕೂತುಬಿಟ್ಟಿತು. "ಅವರು ಈಗ ಎಲ್ಲಿದ್ದಾರೋ" ಎಂದು ಅಡುಗೆಮನೆಯಲ್ಲಿ ಒಬ್ಬರೇ ಹೇಳಿಕೊಳ್ಳುತ್ತಿದ್ದರು. ಸಮಾಧಿಯ ಕಡೆ ತಲೆ ಹಾಕಲಿಲ್ಲ. ಈಸ್ಟರ್ ಬಂದಾಗಲೂ ಎದ್ದು ಹೊರಡಲಿಲ್ಲ.

ಆ ಈಸ್ಟರ್ ದಿನ ಕತ್ತಲಿರುವಾಗಲೇ ಅಕ್ಕ ಬಂದು ಬಾಗಿಲು ತಟ್ಟಿದರು. ಅಮ್ಮನ ಕೈ ಹಿಡಿದು ಎಬ್ಬಿಸಿ, ತಾವೇ ಸೀರೆಯ ನೆರಿಗೆ ಸರಿಮಾಡಿ ಕರೆದುಕೊಂಡು ಹೊರಟರು. ಹಿಂದಿನಿಂದ ನಾನು. ಅಪ್ಪನ ಸಮಾಧಿಯ ಹತ್ತಿರ ಅಮ್ಮ ಕಲ್ಲಿನಂತೆ ನಿಂತರು. ಅಕ್ಕ ಅವರ ಅಂಗೈಯಲ್ಲಿ ಒಂದು ಗುಳಿಯಪ್ಪ ಇಟ್ಟರು.

"ಅವರು ತಡ ಮಾಡಿದ್ದು ಹೌದು. ಹಾಗಂತ ದೇವರು ಬಾಗಿಲು ಹಾಕಿರಲಿಲ್ಲ. ನಾನು ಅಲ್ಲೇ ಇದ್ದೆನಲ್ಲ, ಅವರ ಮುಖ ನೋಡಿದ್ದೇನೆ. ತಿನ್ನು."

ಅಮ್ಮ ಕಚ್ಚಿದರು. ಮೆಲ್ಲಗೆ ಅಗಿದರು. "ಏಲಕ್ಕಿ ಜಾಸ್ತಿ ಆಯಿತು" ಎಂದರು.

"ಅವರಿಗೆ ಏಲಕ್ಕಿ ಜಾಸ್ತಿಯೇ ಆಗಬೇಕಿತ್ತು ಅಲ್ವಾ?"

ಅಮ್ಮನಿಗೆ ಅಳು ಬಂತು, ಅಳುವಿನ ನಡುವೆಯೇ ನಗುವೂ ಬಂತು. ಅಪ್ಪ ಹೋದ ಮೇಲೆ ಅಮ್ಮ ನಕ್ಕದ್ದನ್ನು ನಾನು ಕಂಡದ್ದು ಅಂದೇ. ನನ್ನೊಳಗಿನ ಹೆದರಿಕೆ ಕರಗಲು ತೊಡಗಿದ್ದೂ ಅಂದೇ. ದೇವರು ಬಾಗಿಲು ತೆರೆದಿಟ್ಟು ಕಾಯುವವನು ಎಂದು ಚರ್ಚಿನ ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೆ, ನಂಬಿದ್ದು ಆ ಬೆಳಿಗ್ಗೆ.

ಹೋದ ವರ್ಷ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಕೊನೆಯ ದಿನಗಳಲ್ಲಿ ಮಾತು ನಿಂತಿತ್ತು. ಮಂಚದ ಪಕ್ಕ ಕೂತು ನಾನು ಹಾಡಿದರೆ ಹೊದಿಕೆಯ ಅಡಿಯಲ್ಲಿ ಬಲಗಾಲು ಮಾತ್ರ ಅಲ್ಲಾಡುತ್ತಿತ್ತು.

ಈ ಈಸ್ಟರಿಗೆ ಗುಳಿಯಪ್ಪ ನಾನು ಮಾಡಿದೆ. ಅರ್ಧ ಸೀದುಹೋಯಿತು. ಉಳಿದದ್ದನ್ನು ಡಬ್ಬಿಗೆ ತುಂಬಿ, ಅಮ್ಮನ ಕೈ ಹಿಡಿದುಕೊಂಡು ಸ್ಮಶಾನಕ್ಕೆ ಹೋದೆ. ಹಾಡು ಮುಗಿದ ಮೇಲೆ ಹಂಚಲು ನಾಚಿಕೆಯಾಗಿ ಅಕ್ಕನ ಸಮಾಧಿಯ ಬಳಿಯೇ ನಿಂತಿದ್ದೆ. ಆಗ ಅಂದು ಗದರಿದ್ದ ಆ ಹಿರಿಯರು ಕೋಲೂರಿಕೊಂಡು ಬಂದು ಕೈ ಚಾಚಿದರು. ಒಂದು ಕೊಟ್ಟೆ. ತಿಂದರು. ಮತ್ತೆ ಕೈ ಚಾಚಿದರು.

ಪಕ್ಕದಲ್ಲಿ ಅಮ್ಮ ತಾವೂ ಒಂದು ಬಾಯಿಗೆ ಹಾಕಿಕೊಂಡು ಹೇಳಿದರು, "ಏಲಕ್ಕಿ ಸಾಲದು ಮಗಾ, ಬರುವ ವರ್ಷ ಇನ್ನೂ ಹಾಕು."